ಎಂಜಿನ್ ಬದಲಿಸಿ, ಆಮೇಲೆ ಹಾರಿ

ಫ್ಲೈಟ್ ಕ್ಯಾನ್ಸಲ್ ಆದ್ರೆ ಎಲ್ರಿಗೂ ಸಿಟ್ಟು ಬರುತ್ತೆ. ಆದರೆ ಕೆಲವು ರದ್ದತಿಗಳ ಹಿಂದೆ ‘ಈ ಭಾಗ ಬದಲಿಸದೆ ವಿಮಾನ ಏರುವಂತಿಲ್ಲ’ ಎಂಬ ಆದೇಶ ಇರುತ್ತದೆ. ಆ ಆದೇಶ ಹೇಗೆ ಹುಟ್ಟುತ್ತದೆ? ಅದರ ಗಡುವನ್ನು ಯಾರು, ಯಾವ ಲೆಕ್ಕದಲ್ಲಿ ಇಡುತ್ತಾರೆ?

2018ರ ಮಾರ್ಚ್ 12, ಸೋಮವಾರ. ಅಹಮದಾಬಾದ್‌ನಿಂದ ಲಖನೌಗೆ ಹೊರಟ ಇಂಡಿಗೊ ವಿಮಾನದ ಒಂದು ಎಂಜಿನ್ ಆಕಾಶದಲ್ಲೇ ಕೈಕೊಟ್ಟಿತು. ಪೈಲಟ್ ವಿಮಾನ ತಿರುಗಿಸಿ ವಾಪಸ್ ಅಹಮದಾಬಾದ್‌ನಲ್ಲೇ ಸುರಕ್ಷಿತವಾಗಿ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅದೇ ದಿನ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ನಾವೆಲ್ಲ ಡಿಜಿಸಿಎ ಅಂತ ಕರೆಯುವ ಸಂಸ್ಥೆ, ಒಂದು ಆದೇಶ ಹೊರಡಿಸಿತು. ಅದೇ ತರಹದ ಎಂಜಿನ್ ಇರುವ 11 ವಿಮಾನಗಳು ಮುಂದಿನ ಸೂಚನೆವರೆಗೆ ನೆಲ ಬಿಡುವಂತಿಲ್ಲ. ಇಂಡಿಗೊದವು 8, ಗೋ ಏರ್‌ನವು 3.

ಮರುದಿನ ಇಂಡಿಗೊದ 47, ಗೋ ಏರ್‌ನ 18 ಹಾರಾಟ ರದ್ದಾದವು. ವಿಮಾನ ನಿಲ್ದಾಣಗಳ ಪರದೆಗಳಲ್ಲಿ ಕೆಂಪು ಅಕ್ಷರ, ಕೌಂಟರ್ ಮುಂದೆ ಕ್ಯೂ, ಟ್ವಿಟರ್ ತುಂಬ ಬೈಗುಳ. ಮದುವೆಗೆ ಹೊರಟವರು, ಇಂಟರ್‌ವ್ಯೂಗೆ ಹೊರಟವರು, ಆಸ್ಪತ್ರೆಗೆ ಹೊರಟವರು ಎಲ್ಲರೂ ಅದರಲ್ಲಿ ಸಿಕ್ಕಿಕೊಂಡರು.

ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವವನು. ತಿಂಗಳಿಗೆ ಒಂದು ಸಲವಾದರೂ ದಿಲ್ಲಿಗೆ ಹೋಗಿಬರಬೇಕು. ನಿಮ್ಮಲ್ಲೂ ತುಂಬ ಜನರ ಪಾಡು ಇದೇ. ‘ಆಪರೇಷನಲ್ ರೀಸನ್ಸ್’ ಅನ್ನುವ ಎರಡು ಪದದ ಮೆಸೇಜು ನಮಗೆ ಹೊಸದೇನಲ್ಲ. ಆ ಎರಡು ಪದದ ಒಳಗೆ ಏನೆಲ್ಲ ಇರಬಹುದು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಕಥೆ.

ಸಲಹೆ ಬೇರೆ, ಆದೇಶ ಬೇರೆ

ನನ್ನ ಕಾಲೇಜು ಗೆಳೆಯನೊಬ್ಬ ವಿಮಾನ ನಿರ್ವಹಣಾ ಎಂಜಿನಿಯರ್. ರಾತ್ರಿ ಪಾಳಿ ಅವನಿಗೆ. ನಾವು ಮಲಗಿರುವಾಗ ಅವನು ಟಾರ್ಚ್ ಹಿಡಿದು ಎಂಜಿನ್ ಕೆಳಗೆ ನಿಂತಿರುತ್ತಾನೆ. ಅವನಂಥವರು ಪರೀಕ್ಷಿಸಿ ಸಹಿ ಹಾಕಿದ ಮೇಲಷ್ಟೇ ರಿಪೇರಿಯಾದ ವಿಮಾನ ಮತ್ತೆ ಹಾರಬಹುದು. ನಾನು ಕೇಳಿದೆ: “ಒಂದು ಪಾರ್ಟ್ ಸರಿ ಇಲ್ಲ ಅಂತ ಗೊತ್ತಾದ್ರೆ ಏನ್ ಮಾಡ್ತೀರೋ?”

“ಅದು ಯಾರು ಹೇಳಿದ್ರು ಅನ್ನೋದರ ಮೇಲೆ ಹೋಗುತ್ತೆ ಕಣೋ” ಅಂದ. “ಎಂಜಿನ್ ಮಾಡಿದ ಕಂಪನಿ ಹೇಳಿದ್ರೆ ಅದು ಸರ್ವಿಸ್ ಬುಲೆಟಿನ್. ಎಷ್ಟೇ ಗಟ್ಟಿಯಾಗಿ ಹೇಳಿದ್ರೂ ಅದು ಸಲಹೆ. ಸರ್ಕಾರದ ಸಂಸ್ಥೆ ಹೇಳಿದ್ರೆ ಅದು ಎಡಿ. ಎಡಿ ಬಂತು ಅಂದ್ರೆ ಮುಗೀತು. ಅದರಲ್ಲಿ ಬರೆದ ದಿನದೊಳಗೆ ಮಾಡಿಲ್ಲ ಅಂದ್ರೆ ನಾನು ಸಹಿ ಹಾಕಂಗಿಲ್ಲ. ಮಾಲೀಕರೇ ಬಂದು ನಿಂತ್ರೂ ಹಾಕಂಗಿಲ್ಲ.”

ಎಡಿ ಅಂದರೆ ಏರ್‌ವರ್ದಿನೆಸ್ ಡೈರೆಕ್ಟಿವ್. ಕನ್ನಡದಲ್ಲಿ ಹಾರಾಟ ಯೋಗ್ಯತೆಯ ಆದೇಶ ಅನ್ನಬಹುದು. ಅಮೆರಿಕದಲ್ಲಿ ಎಫ್‌ಎಎ, ಯೂರೋಪಿನಲ್ಲಿ ಈಯಾಸಾ ಎಂಬ ಸಂಸ್ಥೆಗಳು ಇದನ್ನು ಹೊರಡಿಸುತ್ತವೆ. ನಮ್ಮ ದೇಶದಲ್ಲಿ ಹಾರುವ ವಿಮಾನಗಳು ಅವನ್ನು ಪಾಲಿಸುವಂತೆ ನೋಡಿಕೊಳ್ಳುವುದು ಡಿಜಿಸಿಎ ಕೆಲಸ. ಬೇಕೆನಿಸಿದರೆ ಅದು ಇನ್ನೂ ಬಿಗಿಯಾದ ಆದೇಶವನ್ನೂ ಕೊಡಬಹುದು.

ಪ್ರತಿ ಎಡಿಯಲ್ಲೂ ಮುಖ್ಯವಾಗಿ ಮೂರು ಮಾತು ಇರುತ್ತವೆ. ಯಾವ ಭಾಗ? ಏನು ಮಾಡಬೇಕು, ತಪಾಸಣೆಯೋ ಬದಲಾವಣೆಯೋ? ಯಾವಾಗಿನೊಳಗೆ? ಮೊದಲ ಎರಡಕ್ಕೆ ಉತ್ತರ ಎಂಜಿನಿಯರಿಂಗ್ ಕೊಡುತ್ತದೆ. ಜಗ್ಗಾಟ ಎಲ್ಲಾ ಇರೋದು ಮೂರನೆಯದರಲ್ಲಿ. ಗಡುವು ತೀರಾ ಬಿಗಿಯಾದರೆ ನೂರಾರು ವಿಮಾನ ನಿಲ್ಲುತ್ತವೆ, ಸಾವಿರಾರು ಜನ ದಾರಿಯಲ್ಲಿ ಉಳಿಯುತ್ತಾರೆ. ತೀರಾ ಸಡಿಲವಾದರೆ ದೋಷ ಇದೆ ಅಂತ ಗೊತ್ತಿರುವ ಭಾಗದ ಮೇಲೆಯೇ ನಾವು ಹಾರುತ್ತಿರುತ್ತೇವೆ.

ಬ್ಲೇಡು ಮುರಿಯುವುದು, ಡಿಸ್ಕು ಒಡೆಯುವುದು

ಮುಂದೆ ಹೋಗುವ ಮುಂಚೆ ಎಂಜಿನ್ ಒಳಗೆ ಸ್ವಲ್ಪ ಇಣುಕೋಣ. ಮುಂದೆ ದೊಡ್ಡ ಫ್ಯಾನ್. ಅದರ ಹಿಂದೆ ಗಾಳಿಯನ್ನು ಒತ್ತಿ ಒತ್ತಿ ಸಣ್ಣದು ಮಾಡುವ ಕಂಪ್ರೆಸರ್. ನಂತರ ಇಂಧನ ಉರಿಯುವ ಕೋಣೆ. ಅಲ್ಲಿಂದ ನುಗ್ಗುವ ಬಿಸಿ ಗಾಳಿ ಟರ್ಬೈನನ್ನು ತಿರುಗಿಸುತ್ತದೆ, ಆ ಟರ್ಬೈನ್ ಮುಂದಿನ ಕಂಪ್ರೆಸರ್ ಮತ್ತು ಫ್ಯಾನನ್ನು ತಿರುಗಿಸುತ್ತದೆ. ಟರ್ಬೈನ್ ಬ್ಲೇಡುಗಳಿಗೆ ತಾಗುವ ಗಾಳಿಯ ಬಿಸಿ ಆ ಲೋಹದ ಕರಗುವ ಬಿಸಿಗಿಂತಲೂ ಹೆಚ್ಚಿರಬಹುದು. ಬ್ಲೇಡಿನೊಳಗೆ ಕೊರೆದ ಸಣ್ಣ ದಾರಿಗಳಲ್ಲಿ ತಣ್ಣನೆ ಗಾಳಿ ಹರಿಸಿ ಅದನ್ನು ಉಳಿಸಿಕೊಳ್ಳುತ್ತಾರೆ.

ಈ ಬ್ಲೇಡುಗಳನ್ನು ಹಿಡಿದುಕೊಂಡಿರುವ ದಪ್ಪ ಚಕ್ರವೇ ಡಿಸ್ಕ್. ನಮ್ಮ ಕಥೆಗೆ ಇವೆರಡರ ವ್ಯತ್ಯಾಸ ಮುಖ್ಯ. ಬ್ಲೇಡ್ ಮುರಿದರೆ ಅದು ಹೊರಗೆ ಬರದಂತೆ ತಡೆಯಲು ಎಂಜಿನ್ ಸುತ್ತಲಿನ ಕವಚ ಇದೆ. ಹೊಸ ಎಂಜಿನ್‌ಗೆ ಒಪ್ಪಿಗೆ ಕೊಡುವ ಮುಂಚೆ, ಪೂರ್ತಿ ವೇಗದಲ್ಲಿ ತಿರುಗುವಾಗ ಬೇಕಂತಲೇ ಒಂದು ಫ್ಯಾನ್ ಬ್ಲೇಡ್ ಮುರಿದು ಕವಚ ತಡೆಯುತ್ತದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಡಿಸ್ಕ್ ಹಾಗಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಅಷ್ಟು ಭಾರದ ಲೋಹ ಒಡೆದರೆ ಅದನ್ನು ತಡೆಯುವಷ್ಟು ದಪ್ಪ ಕವಚ ಹಾಕಿದರೆ ವಿಮಾನವೇ ಏಳುವುದಿಲ್ಲ. ಹಾಗಾಗಿ ಡಿಸ್ಕ್ ಒಡೆಯಲೇಬಾರದು. ಪ್ರತಿ ಡಿಸ್ಕ್‌ಗೂ ಒಂದು ನಂಬರು ಇರುತ್ತದೆ. ಅದು ಎಷ್ಟು ಸಲ ಏರಿ ಇಳಿಯಿತು ಅನ್ನುವ ಲೆಕ್ಕ ಇಟ್ಟು, ನಿಗದಿಯಾದ ಸಂಖ್ಯೆ ಮುಟ್ಟಿದ ಕೂಡಲೇ ನೋಡಲು ಎಷ್ಟೇ ಚೆನ್ನಾಗಿದ್ದರೂ ಅದನ್ನು ತೆಗೆದುಬಿಡುತ್ತಾರೆ.

ಒಡೆದರೆ ಏನಾಗುತ್ತೆ? 1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-10 ವಿಮಾನದಲ್ಲಿ ಆಗಿದ್ದು ಅದೇ. ಬಾಲದ ಎಂಜಿನ್‌ನ ಫ್ಯಾನ್ ಡಿಸ್ಕ್ ಒಡೆದು, ಚೂರುಗಳು ವಿಮಾನದ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕತ್ತರಿಸಿದವು. ರೆಕ್ಕೆ, ಬಾಲ ಯಾವುದೂ ಪೈಲಟ್ ಮಾತು ಕೇಳದಾಯಿತು. ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ತಂಡ ಉಳಿದ ಎರಡು ಎಂಜಿನ್‌ಗಳ ವೇಗ ಹೆಚ್ಚು ಕಡಿಮೆ ಮಾಡುತ್ತಲೇ ವಿಮಾನವನ್ನು ಸೂ ಸಿಟಿ ತನಕ ತಂದರು. ಇದ್ದ 296 ಮಂದಿಯಲ್ಲಿ 184 ಜನ ಬದುಕಿದರು, 112 ಜನ ಹೋದರು. ತನಿಖೆಯಲ್ಲಿ ಗೊತ್ತಾಗಿದ್ದು: ಆ ಟೈಟಾನಿಯಂ ಡಿಸ್ಕ್ ತಯಾರಾಗಿದ್ದು 1971ರಲ್ಲಿ. ಲೋಹ ಕರಗಿಸುವಾಗಲೇ ಒಂದು ಸಣ್ಣ ದೋಷ ಒಳಗೆ ಸೇರಿಕೊಂಡಿತ್ತು. ಅದರಿಂದ ಹುಟ್ಟಿದ ಬಿರುಕು ವರ್ಷಗಟ್ಟಲೆ ಬೆಳೆಯಿತು, ತಪಾಸಣೆಯಲ್ಲೂ ಕಣ್ಣಿಗೆ ಬೀಳಲಿಲ್ಲ.

ಹುಟ್ಟುವಾಗಲೇ ಬಂದ ದೋಷ ಸುಮಾರು 18 ವರ್ಷ ಸುಮ್ಮನೆ ಕೂತಿರಬಲ್ಲದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸರಿಮಾಡಲು ಹೋಗಿ

ಈಗ ನಮ್ಮ ದೇಶದ ಕಥೆಗೆ ಬರೋಣ. 2016ರಲ್ಲಿ ಇಂಡಿಗೊ ಮತ್ತು ಗೋ ಏರ್ ಏರ್‌ಬಸ್ ಎ320 ನಿಯೊ ವಿಮಾನಗಳನ್ನು ತರಲು ಶುರುಮಾಡಿದವು. ಎಂಜಿನ್ ಪ್ರಾಟ್ ಅಂಡ್ ವಿಟ್ನಿ ಕಂಪನಿಯದು. ಇದರ ವಿಶೇಷ ಏನಂದ್ರೆ ಫ್ಯಾನ್‌ಗೂ ಟರ್ಬೈನ್‌ಗೂ ನಡುವೆ ಒಂದು ಗೇರ್‌ಬಾಕ್ಸ್. ಟರ್ಬೈನ್ ತನ್ನ ವೇಗದಲ್ಲಿ, ಫ್ಯಾನ್ ನಿಧಾನವಾಗಿ ತಿರುಗಬಹುದು. ಇಂಧನ ಉಳಿತಾಯ, ಸದ್ದೂ ಕಡಿಮೆ. ಅಗ್ಗದ ಟಿಕೆಟ್ ಮಾರುವ ಕಂಪನಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ತೊಂದರೆಗಳು ಒಂದರ ಹಿಂದೊಂದು ಬಂದವು. 2018ರದ್ದು ತುಂಬ ವಿಚಿತ್ರ. ಕಂಪ್ರೆಸರ್ ಹಿಂಭಾಗದ ಒಂದು ಸೀಲ್ ಹೆಚ್ಚು ಬಾಳಿಕೆ ಬರಲಿ ಅಂತ ಕಂಪನಿ ಅದರ ವಿನ್ಯಾಸ ಬದಲಿಸಿತ್ತು. ಬದಲಾದ ಆ ಭಾಗವೇ ಕೆಡಲು ಶುರುವಾಯಿತು. ಅಂದರೆ ಹಳೇ ಎಂಜಿನ್ ಪರವಾಗಿಲ್ಲ, 450ನೇ ಸಂಖ್ಯೆಯಿಂದ ಮುಂದಿನ ಹೊಸ ಎಂಜಿನ್‌ಗಳಲ್ಲೇ ಸಮಸ್ಯೆ! ಸಾಫ್ಟ್‌ವೇರ್ ಕೆಲಸದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಒಂದು ಬಗ್ ಸರಿಮಾಡಲು ಹೋಗಿ ಇನ್ನೊಂದು ತಂದ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಒಂದು ಬಟನ್ ಒತ್ತಿ ಹಿಂದಿನ ವರ್ಷನ್‌ಗೆ ಹೋಗಲು ಆಗಲ್ಲ.

2018ರ ಫೆಬ್ರವರಿ 9ರಂದು ಈಯಾಸಾ ತುರ್ತು ಆದೇಶ ಹೊರಡಿಸಿತು. ಎರಡೂ ಕಡೆ ಅಂಥ ಎಂಜಿನ್ ಇರುವ ವಿಮಾನಗಳು ಇನ್ನು ಮೂರು ಹಾರಾಟದೊಳಗೆ ನಿಲ್ಲಬೇಕು. ಒಂದೇ ಕಡೆ ಇರುವವು ಕೆಲವು ನಿರ್ಬಂಧದೊಂದಿಗೆ ಹಾರಬಹುದು. ಲೆಕ್ಕ ಸರಳ: ಒಂದು ಎಂಜಿನ್ ನಿಂತರೂ ಇನ್ನೊಂದರಲ್ಲಿ ವಿಮಾನ ಸುರಕ್ಷಿತವಾಗಿ ಇಳಿಯುತ್ತದೆ. ಹಾಗೆ ಹಾರುವುದಕ್ಕೇ ಪೈಲಟ್‌ಗಳಿಗೆ ಮತ್ತೆ ಮತ್ತೆ ತರಬೇತಿ ಇರುತ್ತದೆ. ಭಯ ಇರುವುದು ಎರಡೂ ಒಟ್ಟಿಗೆ ನಿಂತರೆ ಎಂಬುದರ ಬಗ್ಗೆ.

ಕಾಗದದ ಮೇಲೆ ಇದು ಸರಿಯಾಗೇ ಇತ್ತು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಒಂದು ಕಡೆ ಇದ್ದ ಎಂಜಿನ್‌ಗಳೂ ಕೈಕೊಡತೊಡಗಿದವು. ಮಾರ್ಚ್ 12ರ ಅಹಮದಾಬಾದ್ ಘಟನೆ ನಡೆದ ಮೇಲೆ ಡಿಜಿಸಿಎ ಯೂರೋಪಿನ ಆದೇಶಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ಕಡೆ ಇದ್ದರೂ ಹಾರುವಂತಿಲ್ಲ ಅಂದಿತು. ಆ 11 ವಿಮಾನಗಳು ನಿಂತಿದ್ದು ಹೀಗೆ.

ಆ ವಾರ ಊರಿಂದ ಅಮ್ಮ ಫೋನ್ ಮಾಡಿದ್ದರು. “ಟೀವೀಲಿ ತೋರಿಸ್ತಾವ್ರೆ ಕಣಪ್ಪ, ಇಂಜಿನ್ ಕೆಟ್ಟೋಗ್ತವಂತೆ. ನೀನು ರೈಲಲ್ಲೇ ಓಡಾಡು” ಅಂದರು. ವಿಮಾನ ನಿಂತಿದೆ ಅನ್ನುವ ಸುದ್ದಿ ಅಮ್ಮನಿಗೆ ಭಯ ತಂದಿತ್ತು. ನನಗೆ ಅದು ಸಮಾಧಾನ ತಂದಿತ್ತು. ಕೆಟ್ಟಿದ್ದು ಗೊತ್ತಾಗಿ ನಿಲ್ಲಿಸಿದ್ದಾರಲ್ಲ ಅಂತ. ಅಮ್ಮನಿಗೆ ಇದನ್ನು ವಿವರಿಸಿ ಹೇಳೋದು ಮಾತ್ರ ಕಷ್ಟ, ಬಿಡಿ.

ಜನವರಿ, ಮೇ, ಆಗಸ್ಟ್

ಒಂದೂವರೆ ವರ್ಷದ ನಂತರ ಮತ್ತೆ ಅದೇ ಎಂಜಿನ್, ಈ ಸಲ ಬೇರೆ ಭಾಗ. ಲೋ ಪ್ರೆಷರ್ ಟರ್ಬೈನ್‌ನ ಮೂರನೇ ಹಂತದ ಬ್ಲೇಡುಗಳು ಮುರಿಯುತ್ತಿದ್ದವು. 2019ರ ಅಕ್ಟೋಬರ್ ಕೊನೆಯಲ್ಲಿ ಇಂಡಿಗೊ ವಿಮಾನಗಳಲ್ಲಿ ಒಂದೇ ವಾರದೊಳಗೆ ಇಂಥ ಘಟನೆಗಳು ಸಾಲುಸಾಲಾಗಿ ನಡೆದವು. ಎಲ್ಲವೂ ಸುರಕ್ಷಿತವಾಗಿ ಇಳಿದವು. ಡಿಜಿಸಿಎ ಮೊದಲು, 2,900 ಗಂಟೆಗಿಂತ ಹೆಚ್ಚು ಓಡಿದ ಎಂಜಿನ್‌ಗಳಿರುವ 16 ಇಂಡಿಗೊ ವಿಮಾನಗಳಿಗೆ 15 ದಿನದ ಗಡುವು ಕೊಟ್ಟಿತು. ನವೆಂಬರ್ 1ರಂದು ಇನ್ನೂ ಬಿಗಿ ಮಾಡಿತು. ಇಂಡಿಗೊದ ಅಷ್ಟೂ 97 ನಿಯೊ ವಿಮಾನಗಳಿಗೆ 2020ರ ಜನವರಿ 31ರೊಳಗೆ ಮಾರ್ಪಡಿಸಿದ ಬ್ಲೇಡಿನ ಎಂಜಿನ್ ಹಾಕಬೇಕು, ಇಲ್ಲದಿದ್ದರೆ ಅವು ನಿಲ್ಲಬೇಕು.

ಅದೇ ತಿಂಗಳ ಕೊನೆಗೆ ಇನ್ನೊಂದು ಜಾಣ ಷರತ್ತು ಬಂತು. ಹೊಸ ನಿಯೊ ವಿಮಾನ ಒಂದು ಬಂದರೆ, ಹಳೇ ಎಂಜಿನ್ ಇರುವ ಒಂದನ್ನು ನಿಲ್ಲಿಸಬೇಕು. ನನಗೆ ಇದು ಬಹಳ ಇಷ್ಟವಾದ ಆದೇಶ. ಕಾರಣ ಇಷ್ಟೇ: ಕಾರ್ಖಾನೆಯಿಂದ ಬರುವ ಒಳ್ಳೇ ಎಂಜಿನ್‌ಗಳೆಲ್ಲ ಹೊಸ ವಿಮಾನಕ್ಕೇ ಹೋಗಿಬಿಟ್ಟರೆ, ಈಗಾಗಲೇ ಹಾರುತ್ತಿರುವ ಹಳೇ ವಿಮಾನಗಳು ಹಾಗೇ ಉಳಿಯುತ್ತವೆ. ‘ಮೊದಲು ಇರುವುದನ್ನು ಸರಿಮಾಡು, ಆಮೇಲೆ ಬೆಳೆ’ ಅಂತ ಹೇಳಿದ ಹಾಗಾಯಿತು.

ಆದರೆ ಗಡುವು ಉಳಿಯಿತಾ? ಇಲ್ಲ. ಜನವರಿ ಮಧ್ಯದಲ್ಲಿ ಅದನ್ನು ಮೇ 31ಕ್ಕೆ ಮುಂದೂಡಲಾಯಿತು. ಬೇಕಾದಷ್ಟು ಎಂಜಿನ್ ಸಿಕ್ಕಿರಲಿಲ್ಲ. ಜನವರಿ 31ಕ್ಕೇ ಪಟ್ಟು ಹಿಡಿದಿದ್ದರೆ ಹತ್ತಾರು ವಿಮಾನ ಒಂದೇ ದಿನ ನಿಲ್ಲಬೇಕಿತ್ತು. ಅಷ್ಟರಲ್ಲಿ ಕೋವಿಡ್ ಬಂತು, ಗಡುವು ಮತ್ತೆ ಆಗಸ್ಟ್ 31ಕ್ಕೆ ಹೋಯಿತು.

ಇದನ್ನು ಹೇಗೆ ನೋಡುವುದು? ಗಡುವು ಮುಂದೂಡಿದ್ದೆಲ್ಲ ತಪ್ಪು ಅಂತ ನಾನು ಹೇಳಲ್ಲ. ಗಡುವು ಬಿಗಿಯಾಗಿದ್ದಕ್ಕೇ ಕಂಪನಿಗಳು ಓಡಾಡಿ ಎಂಜಿನ್ ತಂದವು. ಜನವರಿ ಹೊತ್ತಿಗೆ ಎಷ್ಟೋ ವಿಮಾನಗಳಿಗೆ ಮಾರ್ಪಡಿಸಿದ ಎಂಜಿನ್ ಬಂದಿತ್ತು. ಆದರೆ ಮುಂದೂಡುವಾಗ ‘ಯಾಕೆ, ಉಳಿದ ವಿಮಾನಗಳಲ್ಲಿ ಅಪಾಯ ಎಷ್ಟು ಕಡಿಮೆಯಾಗಿದೆ’ ಎಂಬುದನ್ನು ಪ್ರಯಾಣಿಕನಿಗೂ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ದಿನಾಂಕ ಮಾತ್ರ ಬದಲಾಗಿ ಕಾರಣ ಸುದ್ದಿಯ ಎರಡು ಸಾಲಲ್ಲಿ ಮುಗಿದರೆ, ಮುಂದಿನ ಸಲ ಗಡುವು ಅಂದಾಗ ಯಾರೂ ನಂಬಲ್ಲ.

ಕಾಯುವಾಗ ಆಗಿಹೋದದ್ದು

ಗಡುವಿನ ಬಗ್ಗೆ ಇಷ್ಟು ಹೇಳುತ್ತಿರುವುದಕ್ಕೆ ಕಾರಣ ಅಮೆರಿಕದ ಇನ್ನೊಂದು ಘಟನೆ. 2016ರ ಆಗಸ್ಟ್ 27ರಂದು ಸೌತ್‌ವೆಸ್ಟ್ ಕಂಪನಿಯ ಬೋಯಿಂಗ್ 737 ವಿಮಾನದ ಫ್ಯಾನ್ ಬ್ಲೇಡ್ ಒಂದು ಮುರಿಯಿತು. ಬ್ಲೇಡಿನ ಬುಡದಲ್ಲಿ ಲೋಹ ದಣಿದು ಬಿರುಕು ಬಿಟ್ಟಿತ್ತು. ವಿಮಾನ ಪೆನ್ಸಕೋಲಾದಲ್ಲಿ ಇಳಿಯಿತು, ಯಾರಿಗೂ ಗಾಯವಾಗಲಿಲ್ಲ. ಎಂಜಿನ್ ತಯಾರಕರಾದ ಸಿಎಫ್‌ಎಂ ಬ್ಲೇಡುಗಳನ್ನು ಅಲ್ಟ್ರಾಸೌಂಡ್‌ನಲ್ಲಿ ಪರೀಕ್ಷಿಸಲು ಸಲಹೆ ಕೊಟ್ಟರು. ಸಲಹೆ, ನೆನಪಿರಲಿ.

ಎಫ್‌ಎಎ 2017ರ ಆಗಸ್ಟ್‌ನಲ್ಲಿ ಇದನ್ನು ಕಡ್ಡಾಯ ಮಾಡುವ ಕರಡು ಪ್ರಕಟಿಸಿತು. ಕರಡಿಗೆ ಅಭಿಪ್ರಾಯ ಕೇಳುವುದು ಅಲ್ಲಿನ ಕ್ರಮ. ವಿಮಾನ ಕಂಪನಿಗಳು ಬರೆದವು: ಕೊಟ್ಟ ಸಮಯ ಸಾಲದು, ಇನ್ನಷ್ಟು ತಿಂಗಳು ಬೇಕು. ಕರಡು ಅಂತಿಮವಾಗಲಿಲ್ಲ.

2018ರ ಏಪ್ರಿಲ್ 17. ನ್ಯೂಯಾರ್ಕ್‌ನಿಂದ ಡಾಲಸ್‌ಗೆ ಹೊರಟ ಸೌತ್‌ವೆಸ್ಟ್‌ನ ಇನ್ನೊಂದು 737. ಅದೇ ಮಾದರಿ ಎಂಜಿನ್, ಅದೇ ತರಹದ ಬಿರುಕು. ಆ ಬ್ಲೇಡ್ 32,000ಕ್ಕೂ ಹೆಚ್ಚು ಸಲ ಏರಿ ಇಳಿದಿತ್ತು. ಬ್ಲೇಡ್ ಮುರಿದ ಹೊಡೆತಕ್ಕೆ ಎಂಜಿನ್ ಹೊರಗಿನ ಹೊದಿಕೆ ಕಿತ್ತುಬಂದು ಕಿಟಕಿಯೊಂದಕ್ಕೆ ಬಡಿಯಿತು. ಕಿಟಕಿ ಹೋಯಿತು. ಪಕ್ಕ ಕೂತಿದ್ದ ಮಹಿಳೆ ತೀರಿಕೊಂಡರು. ಕ್ಯಾಪ್ಟನ್ ಟ್ಯಾಮಿ ಜೋ ಶಲ್ಟ್ಸ್ ಫಿಲಡೆಲ್ಫಿಯಾದಲ್ಲಿ ವಿಮಾನ ಇಳಿಸಿ ಉಳಿದವರನ್ನು ಕಾಪಾಡಿದರು.

ಮೂರೇ ದಿನದಲ್ಲಿ, ಏಪ್ರಿಲ್ 20ಕ್ಕೆ ಎಫ್‌ಎಎ ತುರ್ತು ಆದೇಶ ಬಂತು. 30,000 ಹಾರಾಟ ದಾಟಿದ ಬ್ಲೇಡುಗಳನ್ನೆಲ್ಲ 20 ದಿನದೊಳಗೆ ಪರೀಕ್ಷಿಸಿ. ಇಪ್ಪತ್ತು ತಿಂಗಳು ಸಲಹೆ, ಕರಡು, ಪತ್ರವ್ಯವಹಾರದಲ್ಲಿ ಕಳೆದದ್ದು ಒಂದು ಸಾವಿನ ನಂತರ ಮೂರು ದಿನದಲ್ಲಿ ಆದೇಶವಾಯಿತು.

ಹೆಚ್ಚು ಸಮಯ ಕೇಳಿದವರು ಯಾರೂ ಕೆಟ್ಟವರಲ್ಲ. ಸಾವಿರಾರು ಬ್ಲೇಡು ಪರೀಕ್ಷಿಸಲು ಜನ ಬೇಕು, ಯಂತ್ರ ಬೇಕು, ಹ್ಯಾಂಗರ್ ಬೇಕು. ಪ್ರತಿಯೊಂದು ಪತ್ರದಲ್ಲೂ ನ್ಯಾಯವಾದ ಕಾರಣ ಇದ್ದಿರಬಹುದು. ಆದರೆ ಬಿರುಕಿಗೆ ಆ ಪತ್ರಗಳು ಗೊತ್ತಿಲ್ಲ. ಅದು ಪ್ರತಿ ಹಾರಾಟಕ್ಕೂ ಕೂದಲೆಳೆಯಷ್ಟು ಬೆಳೆಯುತ್ತಾ ಹೋಗುತ್ತದೆ.

ಪುಡಿಯೊಳಗಿನ ಕಸ

ಸೂ ಸಿಟಿಯ ಡಿಸ್ಕ್ ನೆನಪಿದೆಯಲ್ಲ? ಅದೇ ಬಗೆಯ ಭಯ 2023ರಲ್ಲಿ ಮತ್ತೆ ಬಂತು.

ಇವತ್ತಿನ ಹಲವು ಟರ್ಬೈನ್ ಡಿಸ್ಕುಗಳನ್ನು ಎರಕ ಹೊಯ್ದು ಮಾಡುವುದಿಲ್ಲ. ಕರಗಿದ ಲೋಹವನ್ನು ಸಿಂಪಡಿಸಿ ನುಣ್ಣನೆ ಪುಡಿ ಮಾಡಿ, ಆ ಪುಡಿಯನ್ನು ಬಿಸಿ ಮತ್ತು ಒತ್ತಡದಲ್ಲಿ ಗಟ್ಟಿ ಮಾಡಿ ಡಿಸ್ಕ್ ರೂಪ ಕೊಡುತ್ತಾರೆ. ರಾಗಿ ಹಿಟ್ಟಿನಲ್ಲಿ ಒಂದು ಕಲ್ಲಿನ ಚೂರಿದ್ದರೆ ಮುದ್ದೆಯಲ್ಲಿ ಅದು ಎಲ್ಲಿ ಕೂತಿದೆ ಅಂತ ಹೊರಗಿನಿಂದ ಹೇಗೆ ಗೊತ್ತಾಗಲ್ಲವೋ ಹಾಗೆ, ಈ ಪುಡಿಯಲ್ಲಿ ಸೂಕ್ಷ್ಮ ಕಸ ಸೇರಿದ್ದರೆ ಡಿಸ್ಕ್ ನೋಡಿ ಹೇಳಲಾಗುವುದಿಲ್ಲ. ಆ ಜಾಗದಿಂದಲೇ ಬಿರುಕು ಶುರುವಾಗಬಹುದು.

2020ರ ಮಾರ್ಚ್‌ನಲ್ಲಿ ಒಂದು ಏರ್‌ಬಸ್ ಎ321 ಟೇಕಾಫ್‌ಗೆ ಓಡುತ್ತಿರುವಾಗಲೇ ಟರ್ಬೈನ್ ಡಿಸ್ಕ್ ಒಡೆದು ಚೂರುಗಳು ಹೊರಕ್ಕೆ ಹಾರಿದವು. 2022ರ ಡಿಸೆಂಬರ್‌ನಲ್ಲಿ ಒಂದು ಎ320 ನಿಯೊ ಕಂಪ್ರೆಸರ್‌ನಲ್ಲಿ ಒಡೆತವಾಗಿ ಟೇಕಾಫ್ ಕೈಬಿಡಬೇಕಾಯಿತು. ಎರಡೂ ನೆಲದ ಮೇಲೇ ಆದದ್ದು ಪುಣ್ಯ. 2023ರ ಜುಲೈನಲ್ಲಿ ಪ್ರಾಟ್ ಅಂಡ್ ವಿಟ್ನಿಯ ಮಾತೃಸಂಸ್ಥೆ ಆರ್‌ಟಿಎಕ್ಸ್ ವಿಷಯ ಬಹಿರಂಗ ಮಾಡಿತು: 2015ರ ಕೊನೆಯಿಂದ 2021ರ ಮೂರನೇ ತ್ರೈಮಾಸಿಕದವರೆಗೆ ತಯಾರಾದ ಭಾಗಗಳ ಲೋಹದ ಪುಡಿಯಲ್ಲಿ ಕಸ ಇದ್ದಿರಬಹುದು. ಎಂಜಿನ್‌ಗಳನ್ನು ರೆಕ್ಕೆಯಿಂದ ಇಳಿಸಿ ಪರೀಕ್ಷಿಸಬೇಕು. ಎಫ್‌ಎಎ ಆಗಸ್ಟ್‌ನಲ್ಲಿ ಅಲ್ಟ್ರಾಸೌಂಡ್ ತಪಾಸಣೆ ಕಡ್ಡಾಯ ಮಾಡಿತು.

ಸೆಪ್ಟೆಂಬರ್ ಹೊತ್ತಿಗೆ ಲೆಕ್ಕ ಇನ್ನೂ ದೊಡ್ಡದಾಯಿತು. 2023ರಿಂದ 2026ರ ನಡುವೆ ಹೆಚ್ಚುವರಿಯಾಗಿ 600ರಿಂದ 700 ಎಂಜಿನ್ ಇಳಿಸಬೇಕು. ಒಂದೊಂದು ಎಂಜಿನ್‌ಗೂ ಒಟ್ಟು 250ರಿಂದ 300 ದಿನ ಬೇಕು. 2024ರಿಂದ 2026ರವರೆಗೆ ಜಗತ್ತಿನಲ್ಲಿ ಸರಾಸರಿ 350 ವಿಮಾನಗಳು ಇದೇ ಕಾರಣಕ್ಕೆ ನಿಂತಿರುತ್ತವೆ ಅನ್ನುವುದು ಕಂಪನಿಯದೇ ಅಂದಾಜು. ನೀವು ರನ್‌ವೇ ಪಕ್ಕ ಎಂಜಿನ್ ಇಲ್ಲದೆ ಬರೀ ರೆಕ್ಕೆ ಚಾಚಿ ನಿಂತ ವಿಮಾನ ನೋಡಿದ್ದರೆ, ಅದು ಬಹುಶಃ ಈ ಸಾಲಿನಲ್ಲಿ ಕಾಯುತ್ತಿರುವ ಒಂದು.

ಇಂಡಿಗೊ ದೊಡ್ಡದು. 2019ರಲ್ಲೇ ಅದು 280 ವಿಮಾನಗಳಿಗೆ ಬೇರೆ ಕಂಪನಿಯ ಎಂಜಿನ್ ಆರ್ಡರ್ ಮಾಡಿತ್ತು. ಪೆಟ್ಟು ಬಿದ್ದರೂ ತಡೆದುಕೊಂಡಿತು. ಗೋ ಏರ್, ಆ ಹೊತ್ತಿಗೆ ಗೋ ಫಸ್ಟ್ ಅಂತ ಹೆಸರು ಬದಲಿಸಿಕೊಂಡಿತ್ತು, ಈ ಪುಡಿಯ ಸುದ್ದಿ ಬರುವ ಮೊದಲೇ ಕುಸಿದಿತ್ತು. ಅರ್ಧದಷ್ಟು ವಿಮಾನ ಎಂಜಿನ್ ಇಲ್ಲದೆ ನಿಂತಿವೆ ಎಂದು ಹೇಳಿ 2023ರ ಮೇ 2ರಂದು ದಿವಾಳಿ ಅರ್ಜಿ ಹಾಕಿತು. ಎಂಜಿನ್ ಕಂಪನಿ ಈ ಆರೋಪವನ್ನು ಒಪ್ಪಲಿಲ್ಲ. ಹಾರಾಟ ಮತ್ತೆ ಶುರುವಾಗಲೇ ಇಲ್ಲ. 2025ರ ಜನವರಿಯಲ್ಲಿ ಆಸ್ತಿ ಮಾರಿ ಮುಚ್ಚುವ ಆದೇಶವೂ ಬಂತು. ಟಿಕೆಟ್ ತಗೊಂಡವರು, ಸಂಬಳಕ್ಕೆ ಕಾದವರು ಎಲ್ಲರೂ ಬೀದಿಗೆ ಬಂದರು.

ಸುರಕ್ಷತಾ ಆದೇಶಕ್ಕೆ ಬೆಲೆ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಲೆ ಇದೆ, ತುಂಬ ಇದೆ. ಅದನ್ನು ಯಾರು ಕೊಡುತ್ತಾರೆ ಅನ್ನುವುದಷ್ಟೇ ಪ್ರಶ್ನೆ.

ಎಲ್ಲ ನಿಲ್ಲಿಸಿಬಿಡಬಾರದಾ?

“ದೋಷ ಇರಬಹುದು ಅಂದಮೇಲೆ ಒಂದೇ ಸಲಕ್ಕೆ ಎಲ್ಲ ನಿಲ್ಲಿಸಬಾರದಾ?” ಅಂತ ಗೆಳೆಯನನ್ನು ಕೇಳಿದೆ.

“ನಿಲ್ಲಿಸಬಹುದು. ಆದ್ರೆ ದೋಷ ಇರೋ ಪಾರ್ಟ್ ಎಲ್ಲಾ ನಾಳೆನೇ ಮುರಿಯಲ್ಲ ಕಣೋ” ಅಂದ. “ಕಡಿಮೆ ಓಡಿರೋದು ಬೇರೆ, ಜಾಸ್ತಿ ಓಡಿರೋದು ಬೇರೆ. ಜಾಸ್ತಿ ಓಡಿರೋದನ್ನ ಮೊದಲು ಇಳಿಸ್ತೀವಿ. ಎರಡೂ ಕಡೆ ಅದೇ ಇದ್ರೆ ಒಂದನ್ನ ತಕ್ಷಣ ಬದಲಿಸ್ತೀವಿ. ನಡುವೆ ಬೋರೋಸ್ಕೋಪ್ ಹಾಕಿ ನೋಡ್ತಾ ಇರ್ತೀವಿ.” ಬೋರೋಸ್ಕೋಪ್ ಅಂದರೆ ಎಂಜಿನ್‌ಗೆ ಮಾಡುವ ಎಂಡೋಸ್ಕೋಪಿ. ಸಣ್ಣ ತೂತಿನಲ್ಲಿ ಕ್ಯಾಮೆರಾ ಇಳಿಸಿ ಬ್ಲೇಡುಗಳನ್ನು ಒಂದೊಂದಾಗಿ ನೋಡುವುದು. ಡಿಸ್ಕ್ ಒಳಗಿನ ದೋಷ ಮಾತ್ರ ಅದರಲ್ಲೂ ಕಾಣಲ್ಲ, ಅದಕ್ಕೇ ಎಂಜಿನ್ ಬಿಚ್ಚಬೇಕು.

“ಗಡುವು ಮುಂದೆ ಹೋದಾಗ ನಿನಗೆ ಏನನ್ಸುತ್ತೆ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. “ನನ್ ಕೆಲಸ ಸುಲಭ. ಕಾಗದದಲ್ಲಿ ಇದ್ದಂಗೆ ಮಾಡ್ತೀನಿ. ಕಷ್ಟ ಇರೋದು ಆ ಕಾಗದ ಬರೆಯೋರಿಗೆ. ಅವ್ರು ನಿಜವಾಗ್ಲೂ ಲೆಕ್ಕ ಹಾಕಿ ಬರೆದಿದಾರೆ ಅನ್ನೋ ನಂಬಿಕೆ ಮೇಲೆ ನಾನು ಸಹಿ ಹಾಕೋದು.”

ನಾವು ಸೀಟ್ ಬೆಲ್ಟ್ ಹಾಕಿಕೊಳ್ಳುವುದೂ ಅದೇ ನಂಬಿಕೆಯ ಮೇಲೆ.

ನಮ್ಮ ಪಾಲಿನದು

ಹಾಗಂತ ರದ್ದಾದಾಗ ಸುಮ್ಮನಿರಿ ಅಂತ ಅಲ್ಲ. ಹಾರಾಟ ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಎರಡರಲ್ಲಿ ಒಂದನ್ನು ಕೇಳುವುದು ನಿಮ್ಮ ಹಕ್ಕು. 24 ಗಂಟೆ ಮೊದಲೇ ತಿಳಿಸದಿದ್ದರೆ ಹಾರಾಟದ ಅವಧಿ ನೋಡಿ ₹5,000ದಿಂದ ₹10,000ದವರೆಗೆ ಪರಿಹಾರವೂ ನಿಯಮದಲ್ಲಿದೆ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದ ಮೊತ್ತ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟು ಮಾತ್ರ. ಆದರೆ ಒಂದು ವಿನಾಯಿತಿ ಇದೆ: ವಿಮಾನಕ್ಕೆ ಸಂಬಂಧಿಸಿದ ಸರ್ಕಾರಿ ಆದೇಶದಿಂದ ರದ್ದಾದರೆ ಅದು ಕಂಪನಿಯ ಕೈಮೀರಿದ ಸಂದರ್ಭ ಅನಿಸಿಕೊಳ್ಳುತ್ತದೆ, ಪರಿಹಾರ ಸಿಗದೇ ಹೋಗಬಹುದು. ಹಣ ವಾಪಸ್ ಅಥವಾ ಬೇರೆ ವಿಮಾನದ ಹಕ್ಕು ಮಾತ್ರ ಆಗಲೂ ಹೋಗಲ್ಲ. ಕಂಪನಿ ಕೇಳದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಕೊಡಬಹುದು.

ಹಾಗಾಗಿ ‘ಆಪರೇಷನಲ್ ರೀಸನ್ಸ್’ ಅಂದಾಗ ಯಾವ ರೀಸನ್ ಅಂತ ಕೇಳಿ. ಕೌಂಟರ್‌ನಲ್ಲಿ ನಿಂತ ಹುಡುಗಿಯ ಮೇಲೆ ಕೂಗಾಡಿ ಅಲ್ಲ, ಪಾಪ ಅವಳಿಗೆ ಬಂದಿರೋದೂ ಅದೇ ಎರಡು ಪದ. ಕಂಪನಿಗೆ ಇಮೇಲ್‌ನಲ್ಲಿ ಕೇಳಿ. ಆದೇಶದಿಂದ ನಿಂತಿದ್ದಾ, ಸಿಬ್ಬಂದಿ ಇಲ್ಲದೆ ನಿಂತಿದ್ದಾ, ಸೀಟು ತುಂಬದೆ ನಿಂತಿದ್ದಾ? ಮೂರೂ ಬೇರೆ ಬೇರೆ. ನಿಜವಾದ ಸುರಕ್ಷತೆಯ ಹೆಸರಿನ ಹಿಂದೆ ಬೇರೆ ಕಾರಣ ಅಡಗದೇ ಇರಬೇಕು ಅಂದರೆ ಕೇಳುವವರು ಇರಬೇಕು.

ಪ್ರಾಟ್ ಅಂಡ್ ವಿಟ್ನಿಯ ಎಂಜಿನಿಯರಿಂಗ್ ಕೇಂದ್ರವೊಂದು 2023ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಗಿದೆ. ಅಲ್ಲಿ, ಅಥವಾ ಅಂಥದೇ ಬೇರೆ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರು ಈ ಲೇಖನ ಓದುತ್ತಿರಬಹುದು. ನಿಮ್ಮ ಸ್ಪ್ರೆಡ್‌ಶೀಟಿನ ಒಂದು ಕಾಲಂ ನಾಳೆ ಯಾವುದೋ ಆದೇಶದ ‘ಯಾವಾಗಿನೊಳಗೆ’ ಆಗಬಹುದು. ಆ ಅಂಕಿ ಬರೆಯುವಾಗ ಎಂಜಿನ್ ಎಷ್ಟು ಸಿಗುತ್ತವೆ ಅನ್ನುವುದು ಒಂದು ಲೆಕ್ಕ, ಬಿರುಕು ಎಷ್ಟು ಬೇಗ ಬೆಳೆಯುತ್ತೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೊಂದುವಂತೆ ಎರಡನೆಯದನ್ನು ತಿದ್ದಲು ಬರುವುದಿಲ್ಲ.